ಗಾಣದ ಮನೆಯ ಹೂಂ

ಯಾವ ಕಾಲ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಯಾವ ಊರು ಅಂತಲೂ ಕೇಳಬೇಡಿ. ಹೆಸರಿಡುವ ಕೆಲಸದಲ್ಲಿ ನಮ್ಮ ಊರಿನವರು ಎಷ್ಟು ಚುರುಕು ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಆ ಊರಲ್ಲಿ ಐದು ಮನೆಗೆ ಒಂದು ಗೊನೆ. ತಿನ್ನುವ ಗೊನೆಯಲ್ಲ. ಐದು ಮನೆ, ನಡುವೆ ಒಂದು ಕಂಬ, ಒಂದೊಂದು ಮನೆಯ ಸೂರಿನಿಂದ ಕಂಬಕ್ಕೆ ಒಂದೊಂದು ಹಗ್ಗ, ಒಂದೊಂದು ಸೂರಿನಲ್ಲಿ ಒಂದೊಂದು ಗಂಟೆ. ಒಂದು ಮನೆಯವರು ಹಗ್ಗ ಜಗ್ಗಿದರೆ ಉಳಿದ ನಾಲ್ಕು ಮನೆಯ ಗಂಟೆ ಬಡಿಯುತ್ತದೆ. ನಮ್ಮ ಗೊನೆಯಲ್ಲಿ ಮೊದಲ ಮನೆ, ಹೂವಿನ ಮನೆ, ಚಾಪೆ ಮನೆ, ಗಾಣದ ಮನೆ, ಆಮೇಲೆ ನಮ್ಮ ಮೇಕೆ ಮನೆ.

ಊರಿಗೆಲ್ಲ ಕಟ್ಟಳೆ ಒಂದೇ. ಹೊಸದಾಗಿ ಏನು ಮಾಡಬೇಕಿದ್ದರೂ ಮೊದಲು ಹಗ್ಗ ಜಗ್ಗಬೇಕು. ಜಗ್ಗಿ, ಕೂತು, ಕಾಯಬೇಕು. ಗೊನೆಯ ಉಳಿದ ಮನೆಗಳು ಒಂದೊಂದು ಸಲ ತಿರುಗಿ ಜಗ್ಗಬೇಕು. ಆ ಜಗ್ಗುವುದಕ್ಕೆ ಹೂಂ ಅನ್ನುತ್ತಾರೆ. ಎಲ್ಲರ ಹೂಂ ಬಂದರೆ ಒಲೆ ಹೂಡಬಹುದು, ಬಾಗಿಲು ನಿಲ್ಲಿಸಬಹುದು, ತಾಳಿ ಕಟ್ಟಬಹುದು, ಕೂಸಿಗೆ ಹೆಸರಿಡಬಹುದು. ಒಂದು ಹೂಂ ಕಡಿಮೆಯಾದರೂ ಕಾಯಬೇಕು. ಜಗ್ಗು, ಕೂತುಕೋ, ಕಾಯಿ. ನಮ್ಮ ಊರಿನ ಕೂಸುಗಳು ತೊಟ್ಟಿಲಲ್ಲಿ ಕಲಿಯುವ ಪಾಠ ಇದೊಂದೇ.

ಈಗ ತಕರಾರು ಕೇಳಿ. ಗಾಣದ ಮನೆಯಲ್ಲಿ ಜನ ಇಲ್ಲ.

ನಾನು ಹುಟ್ಟುವ ಮೊದಲೇ ಆ ಮನೆಯವರು ಎತ್ತು ಹೊಡೆದುಕೊಂಡು, ಗಾಣವನ್ನು ಇಲ್ಲೇ ಬಿಟ್ಟು, ಹೊರಟುಹೋದರಂತೆ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ಕೇಳುವುದಕ್ಕೆ ಮುಂಚೆ ಹಗ್ಗ ಜಗ್ಗಬೇಕಿತ್ತೋ ಏನೋ. ಮಾಡು ಕುಸಿಯಿತು. ಗಾಣದ ಒರಳಿನಲ್ಲಿ ಎಕ್ಕದ ಗಿಡ ಬೆಳೆಯಿತು. ಆದರೆ ಒಂದು ಮೋಟುಗೋಡೆ, ಅದರ ಮೇಲೊಂದು ತೊಲೆ, ತೊಲೆಯಿಂದ ಕಂಬಕ್ಕೆ ಹಗ್ಗ, ಅದಿನ್ನೂ ಇತ್ತು. ಹಗ್ಗ ಇದೆ ಅಂದಮೇಲೆ ಹೂಂ ಬರಬೇಕು. ಹೂಂ ಬರುವ ತನಕ ಗೊನೆಯಲ್ಲಿ ಯಾರಿಗೂ ಹೊಸದು ಅನ್ನುವುದೇ ಇಲ್ಲ.

ಚಾಪೆ ಮನೆಯವನು ಹೊಸ ಬಾಗಿಲು ಮಾಡಿಸಿ ಗೋಡೆಗೆ ಒರಗಿಸಿಟ್ಟಿದ್ದ. ಅದರ ಹಿಂದೆ ಕೋಳಿ ಮೊಟ್ಟೆಯಿಟ್ಟು, ಆ ಮೊಟ್ಟೆಯ ಕೋಳಿ ಮೊಟ್ಟೆಯಿಟ್ಟು, ಈಗ ಅದು ಬಾಗಿಲೋ ಗೂಡೋ ಅಂತ ಗೊತ್ತಾಗುವುದಿಲ್ಲ. ಹೂವಿನ ಮನೆಯ ಜಗಲಿಯ ಮೇಲೆ ಮದುಮಗ ಬಾಸಿಂಗ ಕಟ್ಟಿಕೊಂಡು ಕೂತೇ ಇದ್ದ. ಬಾಸಿಂಗದಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಮದುಮಗಳು ದಿನವೂ ಬಂದು ಗುಬ್ಬಿಗೆ ಕಾಳು ಹಾಕಿ, ಇವನ ಕಡೆ ನೋಡಿ ನಿಟ್ಟುಸಿರುಬಿಟ್ಟು ಒಳಗೆ ಹೋಗುತ್ತಿದ್ದಳು.

ಮೊದಲ ಮನೆಯ ಯಜಮಾನ ಗೊನೆಗೆಲ್ಲ ದೊಡ್ಡವನು. ಬೆಳಿಗ್ಗೆ ಎದ್ದು ಹಗ್ಗ ಜಗ್ಗಿ, ಎಲ್ಲರೂ ಇದ್ದೀರಾ ಅಂತ ಕೇಳುವುದು ಅವನ ಕೆಲಸ. ನಾವು ಜಗ್ಗುತ್ತಿದ್ದೆವು, ಇದ್ದೇವೆ. ಹೂವಿನ ಮನೆ ಜಗ್ಗುತ್ತಿತ್ತು, ಇದ್ದೇವೆ. ಚಾಪೆ ಮನೆ ಆಕಳಿಸಿಕೊಂಡು ಜಗ್ಗುತ್ತಿತ್ತು, ಇದ್ದೇವೆ. ಆಮೇಲೆ ಯಜಮಾನ ಕಂಬದ ನೆರಳು ತನ್ನ ಕಾಲಿಗೆ ತಾಗುವ ತನಕ ಜಗಲಿಯ ಮೇಲೆ ಕೂತು, ಎದ್ದು, ಶಲ್ಯ ಕೊಡವಿ ಹೇಳುತ್ತಿದ್ದ, “ಗಾಣದ ಮನೆ ಇನ್ನೂ ಇಲ್ಲ.” ಈಗಷ್ಟೇ ಕಂಡುಹಿಡಿದವನ ಹಾಗೆ. ದಿನವೂ. ಕೇಳಿ ಕೇಳಿ ನನಗೆ ಹಲ್ಲು ಜುಮ್ ಅನ್ನುತ್ತಿತ್ತು.

ಇನ್ನು ನನ್ನ ಮಾತು.

ನಮ್ಮಲ್ಲಿ ಕೂಸಿನ ಹೆಸರು ಆರಿಸುವುದು ಮನೆಯ ಹಿರಿಯರು. ಆರಿಸಿ ನಾಲಗೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಎಲ್ಲರ ಹೂಂ ಬಂದ ಮೇಲೆಯೇ ಕೂಸಿನ ಕಿವಿಯಲ್ಲಿ ಹೇಳಬೇಕು. ಅದಕ್ಕೆ ಮೊದಲು ಹೆತ್ತವಳ ಹತ್ತಿರ ಬಾಯಿಬಿಟ್ಟರೂ ಹೆಸರು ಗಾಳಿಯ ಪಾಲು. ನನ್ನ ಹೆಸರನ್ನು ಅಜ್ಜಿ ಆರಿಸಿದಳು, ನಾಲಗೆಯ ಕೆಳಗೆ ಇಟ್ಟುಕೊಂಡಳು, ಹಗ್ಗ ಜಗ್ಗಿದಳು, ಕೂತಳು. ಮೂರು ಹೂಂ ಬಂತು. ನಾಲ್ಕನೆಯದು ಯಾವುದು ಬರಲಿಲ್ಲ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನಾನು ಹೆಸರಿಲ್ಲದೆ ಬೆಳೆದೆ. ಶಾಲೆಯಲ್ಲಿ ಹೆಸರು ಕೂಗಿದರೆ ಓ ಅನ್ನಬೇಕು, ಓ ಅಂದವರು ಒಳಗೆ ಕೂರಬೇಕು. ನನ್ನನ್ನು ಏನಂತ ಕೂಗುತ್ತಾರೆ? ಕಿಟಕಿಯ ಹೊರಗೆ ಕೂತೆ. ಅಲ್ಲಿಂದ ಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು. ಅದಕ್ಕೇ ನನಗೆ ಮಗ್ಗಿಯ ಪ್ರಶ್ನೆಗಳೆಲ್ಲ ಬರುತ್ತವೆ, ಉತ್ತರ ಬರುವುದಿಲ್ಲ. ಕತೆಗಳ ಶುರು ಗೊತ್ತು, ಕೊನೆ ಗೊತ್ತಿಲ್ಲ.

ಒಂದು ಲಾಭವೂ ಇತ್ತು. ಹೆಸರಿಲ್ಲದವಳನ್ನು ಬೈಯುವುದು ಕಷ್ಟ. ಯಜಮಾನನ ಚಪ್ಪಲಿ ಮೇಕೆಯ ಕೊಂಬಿಗೆ ಸಿಕ್ಕಿಸಿ ಬಿಟ್ಟರೆ ಅವನು ಜಗಲಿಯಿಂದ, “ಏಯ್, ಇವಳೇ, ಆ ಮೇಕೆ ಮನೆಯ, ಅದು, ನೀನು” ಅಂತ ಶುರುಮಾಡಿ, ಬೈಗುಳಕ್ಕೆ ಬರುವಷ್ಟರಲ್ಲಿ ನಾನು ಗುಡ್ಡ ಹತ್ತಿರುತ್ತಿದ್ದೆ.

ಗುಡ್ಡದಲ್ಲಿ ಅಪ್ಪ ಮೇಕೆ ಕಾಯುತ್ತಾನೆ. ಅವನು ಮೇಕೆಗಳಿಗೆಲ್ಲ ಹೆಸರಿಟ್ಟಿದ್ದಾನೆ. ಮೇಕೆಗೆ ಹೂಂ ಬೇಡವಂತೆ.

ಹಗ್ಗ ಕಡಿದು ಹಾಕಬಾರದಿತ್ತಾ ಅಂತ ನಿಮ್ಮ ಬಾಯಿಗೆ ಬಂದಿರಬೇಕು. ನಾನು ಹುಟ್ಟುವುದಕ್ಕೆ ಹಿಂದಿನ ವರ್ಷ ಚಾಪೆ ಮನೆಯವನು ಕಡಿದನಂತೆ. ಬೆಳಗಾಗುವಷ್ಟರಲ್ಲಿ ಹಗ್ಗ ಬಳ್ಳಿಯ ಹಾಗೆ ಬೆಳೆದು ಮತ್ತೆ ಕಂಬಕ್ಕೆ ಸುತ್ತಿಕೊಂಡಿತ್ತು. ನಮ್ಮ ಊರಿನ ಹಗ್ಗ ಕುಡುಗೋಲಿನ ಮಾತು ಕೇಳುವುದಿಲ್ಲ. ಕಿಂಡಿಯ ಮಾತು ಮಾತ್ರ ಕೇಳುತ್ತದೆ. ಹಾಗಾದರೆ ನೀನೇ ಹೋಗಿ ಗಾಣದ ಮನೆಯ ಹಗ್ಗ ಜಗ್ಗಿ ಹೂಂ ಅನ್ನಬಾರದಿತ್ತಾ ಅಂತಲೂ ಕೇಳುತ್ತೀರಿ. ಸೊಂಟದೆತ್ತರ ಆದ ದಿನವೇ ಹೋಗಿ ನೇತಾಡಿ ಜಗ್ಗಿದ್ದೇನೆ. ಯಾವ ಗಂಟೆಯೂ ಬಡಿಯಲಿಲ್ಲ. “ಆ ಮನೆಯವರೇ ಜಗ್ಗಬೇಕು, ಬೇರೆಯವರು ಜಗ್ಗಿದರೆ ಹಗ್ಗ ಮಾತಾಡಲ್ಲ” ಅಂದ ಯಜಮಾನ. ಎಲ್ಲರೂ “ಇರಬಹುದು” ಅಂದರು.

ಕಿಂಡಿ ಇರುವುದು ಊರ ನಡುವಿನ ಗೋಡೆಯಲ್ಲಿ. ಗೋಡೆಯ ಹಿಂದೆ ಮನೆಯಿಲ್ಲ, ನಾನು ಸುತ್ತುಹಾಕಿ ನೋಡಿದ್ದೇನೆ, ಹಿಂದೆ ಗೋಡೆಯ ಬೆನ್ನಿದೆ ಅಷ್ಟೆ. ಆದರೂ ಕಿಂಡಿಯೊಳಗಿಂದ ದನಿ ಬರುತ್ತದೆ. ಗಂಡಸಿನದಲ್ಲ, ಹೆಂಗಸಿನದಲ್ಲ, ಸಿಟ್ಟಿಲ್ಲ, ಅಕ್ಕರೆಯಿಲ್ಲ. ಯಾರ ಮನೆ ಯಾವ ಗೊನೆಗೆ ಸೇರಿದ್ದು ಅನ್ನುವುದನ್ನು ಕಟ್ಟುವುದೂ ಅದೇ, ಬಿಡಿಸುವುದೂ ಅದೇ. ಅದರ ಮುಂದೆ ಹೋಗುವವರು ಮನೆಯ ಅಚ್ಚು ಒತ್ತಿದ ಹಸಿಮಣ್ಣಿನ ಮುದ್ರೆ ಒಯ್ಯಬೇಕು. ಒಣಗಿದ್ದರೆ, ನಿನ್ನೆ ಬಂದವರಿಗೂ, ಅರ್ಧ ಗಳಿಗೆ ಮುಂಚೆ ಬಂದವರಿಗೂ, “ಯಾರು ನೀನು?” ಅನ್ನುತ್ತದೆ. ಆಮೇಲೆ ಒಂದೇ ಉಸಿರಿನಲ್ಲಿ ಹೇಳಬೇಕು, ಮೊದಲು ಕೆಲಸ, ಆಮೇಲೆ ಗೊನೆ, ಆಮೇಲೆ ಮನೆ. ಹಿಂದುಮುಂದಾದರೆ, “ಅರ್ಥವಾಗಲಿಲ್ಲ.” ಸರಿಯಾಗಿ ಹೇಳಿದರೆ ಒಂದು ಮರದ ತಟ್ಟೆ ಹೊರಗೆ ಬರುತ್ತದೆ. ಕಟ್ಟು ಅಂದವರಿಗೆ ತಟ್ಟೆಯಲ್ಲಿ ಒಂದು ಹೂವು. ಹೂವು ಬಂದರೆ ಆಯಿತು ಅಂತ.

ಬಿಡಿಸು ಅನ್ನುವ ಮಾತನ್ನು ಅದರ ಮುಂದೆ ಮೊದಲು ಆಡಿದವಳು ನಮ್ಮಜ್ಜಿ. ನನ್ನ ಹೆಸರಿನ ದಿನ ಮೂರು ಹೂಂ ಬಂದು ನಾಲ್ಕನೆಯದು ಬಾರದಿದ್ದಾಗ, ಕಚ್ಚೆ ಬಿಗಿದು ಹೋಗಿ ಹೇಳಿದಳಂತೆ. ಕಿಂಡಿ ಕೊಟ್ಟ ಉತ್ತರ, “ಅಂಥ ಹಗ್ಗ ಇಲ್ಲ.” ಅಜ್ಜಿಗೆ ಮೈಯೆಲ್ಲ ಉರಿದು, “ನಿನಗೆ ಕಣ್ಣಿಲ್ವಾ? ನನ್ನ ತಲೆ ಮೇಲೆ ನೇತಾಡ್ತಾ ಇದೆ” ಅಂದಳು. ಕಿಂಡಿ, “ಅರ್ಥವಾಗಲಿಲ್ಲ.” ಅಲ್ಲಿಂದ ವರ್ಷಕ್ಕೊಂದು ಸಲ ನನ್ನ ಹುಟ್ಟಿದ ದಿನ ಅಜ್ಜಿ ಮುದ್ರೆ ಒತ್ತಿಕೊಂಡು ಹೋಗುವುದು, ಬಿಡಿಸು ಅನ್ನುವುದು, ಅದು ಅಂಥ ಹಗ್ಗ ಇಲ್ಲ ಅನ್ನುವುದು, ಅಜ್ಜಿ ಒಂದಷ್ಟು ಉಗಿದು ಬರುವುದು. ನಮ್ಮ ಮನೆಯ ಹಬ್ಬ ಅಂದರೆ ಅದೇ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಅಜ್ಜಿ ಮರೆಯತೊಡಗಿದಳು.

ಮೊದಲು ಉಪ್ಪು ಮರೆತಳು. ಆಮೇಲೆ ಬಾವಿಯ ದಾರಿ ಮರೆತಳು. ಆಮೇಲೆ ಒಂದು ಬೆಳಿಗ್ಗೆ ಅಮ್ಮ ಗಂಜಿ ತಂದಿಟ್ಟಾಗ ಮುಖ ನೋಡಿ, “ನೀನು ಯಾರ ಮಗಳಮ್ಮ?” ಅಂದಳು. ಅಮ್ಮ ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಗಂಜಿಯ ಬಟ್ಟಲು ಅಲ್ಲೇ ಇಟ್ಟು ಹಿತ್ತಿಲಿಗೆ ಹೋದಳು. ನಾನು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

“ಅಜ್ಜಿ, ನಾಲಗೆ ಕೆಳಗೆ ಇದೆಯಾ ಇನ್ನೂ?”

ಅಜ್ಜಿ ನಾಲಗೆಯನ್ನು ಆಚೆ ಈಚೆ ಹೊರಳಿಸಿ ನೋಡಿಕೊಂಡಳು. “ಇದೆ ಕಣೇ ಕೂಸೇ. ಸವೆದಿದೆ. ಇದೆ.”

“ಹೇಳಿಬಿಡು ಮತ್ತೆ.”

“ಹೂಂ ಬಂತಾ?”

“ಇಲ್ಲ.”

“ಬರಲಿ.”

ಬರಲಿ ಅಂತೆ. ಇವಳು ಅಮ್ಮನ ಹೆಸರು ಮರೆತಳು. ನಾಳೆ ನನ್ನದನ್ನೂ ಮರೆತರೆ, ಅದನ್ನು ಬೇರೆ ಯಾರ ನಾಲಗೆಯ ಕೆಳಗೆ ಹುಡುಕಲಿ? ನಾನು ಅಚ್ಚು ತೆಗೆದುಕೊಂಡು, ಮಣ್ಣು ಕಲೆಸಿ, ಮುದ್ರೆ ಒತ್ತಿ, ಅದರ ಮೇಲೆ ಒದ್ದೆಬಟ್ಟೆ ಮುಚ್ಚಿ ಕಿಂಡಿಗೆ ಓಡಿದೆ. ಉಸಿರು ಬಿಗಿಹಿಡಿದು ಹೇಳಿದೆ, ಬಿಡಿಸು, ನಮ್ಮ ಗೊನೆ, ಗಾಣದ ಮನೆ.

“ಅಂಥ ಹಗ್ಗ ಇಲ್ಲ.”

“ಇದೆ.”

“ಅರ್ಥವಾಗಲಿಲ್ಲ.”

“ಅರ್ಥ ಆಗದೆ ಇದ್ದರೆ ಯಾಕೆ ಕೂತಿದೀಯ ಅಲ್ಲಿ?”

“ಅರ್ಥವಾಗಲಿಲ್ಲ.”

ನನ್ನ ತಲೆ ಕೆಟ್ಟಿತು. ಗೋಡೆಗೆ ಒದ್ದೆ, ಕಾಲು ನೋವಾಯಿತು. ಮುದ್ರೆ ಇನ್ನೂ ಹಸಿಯಿತ್ತು, ವ್ಯರ್ಥ ಮಾಡುವುದು ಯಾಕೆ ಅನ್ನಿಸಿತು. ಹಾಗಾದರೆ ತಗೋ, ಬಿಡಿಸು, ನಮ್ಮ ಗೊನೆ, ಮೊದಲ ಮನೆ.

ತಟ್ಟೆ ಹೊರಗೆ ಬಂತು. ಖಾಲಿ ತಟ್ಟೆ. ಹೂವಿಲ್ಲ, ಕಲ್ಲಿಲ್ಲ, ಒಂದು ಇರುವೆಯೂ ಇಲ್ಲ. ಸ್ವಲ್ಪ ಹೊತ್ತು ನಿಂತು ಒಳಗೆ ಹೋಯಿತು. ನಾನು ಕಾದೆ. ಏನೂ ಇಲ್ಲ. ಕಿವಿ ಮಂದವಿರಬೇಕು ಅಂತ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ.

“ಅಂಥ ಹಗ್ಗ ಇಲ್ಲ.”

ಯಾವ ಹಗ್ಗ ಕೇಳಿದರೂ ಇಲ್ಲ ಅನ್ನುವ ದರಿದ್ರ ಕಿಂಡಿ ಅಂತ ಬೈದುಕೊಂಡು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ನಾವು ಹಗ್ಗದ ಹತ್ತಿರ ನಿಂತಿದ್ದೆವು. ಯಜಮಾನನ ಗಂಟೆ ಬಡಿಯಲಿಲ್ಲ. ಹೊತ್ತೇರಿತು, ಬಡಿಯಲಿಲ್ಲ. ನಾನು ಬಗ್ಗಿ ನೋಡಿದರೆ ಯಜಮಾನ ತನ್ನ ಜಗಲಿಯ ಮೇಲೆ ನಿಂತು ಎರಡು ಕೈಯಲ್ಲೂ ಜಗ್ಗುತ್ತಿದ್ದಾನೆ. ಹಗ್ಗ ಅಲ್ಲಾಡುತ್ತಿದೆ, ಕಂಬ ಅಲ್ಲಾಡುತ್ತಿದೆ, ಯಜಮಾನನ ಹೊಟ್ಟೆಯೂ ಅಲ್ಲಾಡುತ್ತಿದೆ. ಗಂಟೆ ಮಾತ್ರ ಇಲ್ಲ. ಹೂವಿನ ಮನೆಯವಳು ಬಂದು ನೋಡಿದಳು. ಚಾಪೆ ಮನೆಯವನು ಬಂದು ನೋಡಿದ.

“ಯಜಮಾನ್ರೆ, ಜೋರಾಗಿ ಜಗ್ಗಿ” ಅಂದ ಚಾಪೆ ಮನೆಯವನು.

“ಇದಕ್ಕಿಂತ ಜೋರಾಗಿ ಜಗ್ಗಿದರೆ ಮಾಡು ಬರುತ್ತೆ ಕಣಯ್ಯ ಕೆಳಗೆ.”

“ಮತ್ತೆ ಯಾಕೆ ಬಡಿಯಲ್ಲ?”

“ನನ್ನನ್ನ ಕೇಳಿದರೆ?”

“ಆ ಮನೆಯವರೇ ಜಗ್ಗಬೇಕು ಅಂತ ನೀವೇ ಹೇಳಿದ್ರಲ್ಲ” ಅಂದೆ ನಾನು. “ನೀವು ಆ ಮನೆಯವರು ತಾನೇ?”

ಯಜಮಾನ ನನ್ನ ಕಡೆ ತಿರುಗಿ, “ಏಯ್, ಇವಳೇ, ಆ ಮೇಕೆ ಮನೆಯ” ಅಂತ ಶುರುಮಾಡಿದ. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಬೇರೆ ಒಂದು ಹಗ್ಗ ಅಲ್ಲಾಡುತ್ತಿತ್ತು. ಅಲ್ಲಾಡಿದರೂ ಬಡಿಯದ ಹಗ್ಗ. ನಾನು ಸೊಂಟದೆತ್ತರ ಇದ್ದಾಗ ನೇತಾಡಿದ ಹಗ್ಗ.

ಒಳಗೆ ಹೋಗಿ ಅಮ್ಮನ ಸೆರಗು ಹಿಡಿದು ನಿಲ್ಲಿಸಿದೆ. “ಅಮ್ಮ, ಅಜ್ಜಿ ಮೊದಲನೇ ಸಲ ಕಿಂಡಿಗೆ ಹೋದಾಗ ನೀನೂ ಹೋಗಿದ್ದೆಯಾ?”

“ಹೋಗಿದ್ದೆ. ನೀನು ಕಂಕುಳಲ್ಲಿದ್ದೆ, ಅಳ್ತಾ ಇದ್ದೆ.”

“ಅಂಥ ಹಗ್ಗ ಇಲ್ಲ ಅನ್ನೋದಕ್ಕೆ ಮುಂಚೆ ಏನಾಯ್ತು?”

ಅಮ್ಮ ಮೊರವನ್ನು ಕೆಳಗಿಟ್ಟು ಯೋಚಿಸಿದಳು. “ತಟ್ಟೆ ಬಂತು.”

“ತಟ್ಟೇಲಿ?”

“ಏನೂ ಇರಲಿಲ್ಲ. ಕಾದ್ವಿ. ಹೋಗಿಬಿಡ್ತು. ಅಜ್ಜಿ ಇನ್ನೊಂದು ಸಲ ಕೇಳಿದಳು. ಆಗ ಇಲ್ಲ ಅಂತು.”

ನಾನು ಹೊಸಿಲ ಮೇಲೆ ಕೂತುಬಿಟ್ಟೆ. ಇಲ್ಲದ್ದನ್ನು ತಟ್ಟೆಯಲ್ಲಿ ಹೇಗೆ ಕೊಡುತ್ತಾರೆ? ಕಟ್ಟಿದರೆ ಹೂವು. ಬಿಡಿಸಿದರೆ ಏನೂ ಇಲ್ಲ. ಏನೂ ಇಲ್ಲ ಅನ್ನುವುದೇ ಆಯಿತು ಅಂತ. ಮೊದಲ ಸಲ ಕೇಳಿದಾಗಲೇ ಬಿಡಿಸಿಬಿಟ್ಟಿತ್ತು. ಎರಡನೇ ಸಲ ಕೇಳಿದ್ದಕ್ಕೆ ಅಂಥ ಹಗ್ಗ ಇಲ್ಲ ಅಂದಿತು, ನಿಜವನ್ನೇ ಅಂದಿತು, ಅದು ಇರಲಿಲ್ಲ. ನಾವು ಹುಟ್ಟಿದಾಗಿನಿಂದ ಗಂಟೆ ಸುಮ್ಮನಿದ್ದರೆ ಕಾಯಬೇಕು ಅಂತ ಕಲಿತ ಜನ. ಕಿಂಡಿ ಸುಮ್ಮನಿತ್ತು. ಕಾದೆವು. ಬಾಗಿಲ ಹಿಂದೆ ಕೋಳಿಯ ಮೊಮ್ಮಕ್ಕಳು, ಬಾಸಿಂಗದಲ್ಲಿ ಗುಬ್ಬಿ, ಕಿಟಕಿಯ ಹೊರಗೆ ನಾನು, ಎಲ್ಲ ಒಂದು ಖಾಲಿ ತಟ್ಟೆಯ ಮುಂದೆ ಕಾದದ್ದು. ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ಅದು ನಗು ಅಲ್ಲ ಅಂತ ಗೊತ್ತಾಯಿತು.

ಕುಡುಗೋಲು ತೆಗೆದುಕೊಂಡು ಹೋಗಿ ಗಾಣದ ಮನೆಯ ಹಗ್ಗವನ್ನು ಒಂದೇ ಏಟಿಗೆ ಕಡಿದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕಡಿದ ಹಾಗೇ ಬಿದ್ದಿತ್ತು. ಬೆಳೆದಿರಲಿಲ್ಲ. ಇರುವೆಗಳು ಅದರ ಮೇಲೆ ಸಾಲುಗಟ್ಟಿ ಹೋಗುತ್ತಿದ್ದವು. ಗೊನೆಯವರನ್ನೆಲ್ಲ ಕರೆದು ತೋರಿಸಿದೆ.

“ನೋಡಿ. ಬಿಡಿಸಿಯಾಗಿದೆ. ಯಾವತ್ತೋ ಆಗಿದೆ. ಇನ್ನು ಯಾರೂ ಗಾಣದ ಮನೆಗೆ ಕಾಯಬೇಕಾಗಿಲ್ಲ.”

ಅವರು ಹಗ್ಗದ ಸುತ್ತ ನಿಂತು, ಹೆಣ ನೋಡುವ ಹಾಗೆ ನೋಡಿದರು. ಹೂವಿನ ಮನೆಯವಳು ಬಾಯಿಗೆ ಸೆರಗಿಟ್ಟುಕೊಂಡಳು. ಮದುಮಗ ಜಗಲಿಯಿಂದ ಕತ್ತು ಚಾಚಿದ, ಗುಬ್ಬಿ ಬೈಯಿತು, ಕತ್ತು ಒಳಗೆ ಎಳೆದುಕೊಂಡ. ಚಾಪೆ ಮನೆಯವನು ತುದಿಯನ್ನು ಎತ್ತಿ ನೋಡಿ, ಕೆಳಗೆ ಬಿಟ್ಟ.

“ಹಗ್ಗ ಇದ್ದಾಗಲೇ ಹೂಂ ಬರಲಿಲ್ಲ” ಅಂದ. “ಈಗ ತುಂಡೇ ಆಯ್ತು. ಇನ್ನೆಲ್ಲಿಂದ ಬರುತ್ತೆ? ಇರೋ ಒಂದು ಆಸೇನೂ ಕಡಿದು ಹಾಕಿದೆಯಲ್ಲೇ.”

“ಅಯ್ಯೋ ಮಾವ, ಬರಬೇಕಾಗೇ ಇಲ್ಲ.”

“ಬರಬೇಕಾಗಿಲ್ಲ ಅಂತ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ಅದೇ. ಹೇಳದೆ ಇದ್ದದ್ದೇ ಹೇಳಿದ್ದು.”

ಅವನು ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದ.

ಅಜ್ಜಿಯ ಹತ್ತಿರ ಓಡಿದೆ. ಎಲ್ಲವನ್ನೂ ಹೇಳಿದೆ, ತಟ್ಟೆಯನ್ನು ಕೈಯಲ್ಲಿ ಮಾಡಿ ತೋರಿಸಿದೆ, ಖಾಲಿಯನ್ನು ಬೆರಳಿಟ್ಟು ತೋರಿಸಿದೆ. ಅಜ್ಜಿ ಸಮಾಧಾನವಾಗಿ ಕೇಳಿದಳು. ಅವತ್ತು ಮುಖ ಸ್ವಲ್ಪ ತಿಳಿಯಾಗಿತ್ತು.

“ಹಾಗಾದ್ರೆ ಹೂಂ ಬಂತಾ?” ಅಂದಳು.

“ಬೇಡವೇ ಬೇಡ ಅಜ್ಜಿ.”

“ಹಗ್ಗ ಬಿದ್ದ ಮಾತ್ರಕ್ಕೆ ಹೂಂ ಅಂದ ಹಾಗಾಯ್ತೇನೇ? ಬರಲಿ.”

ತಲೆ ಚಚ್ಚಿಕೊಳ್ಳುವುದಕ್ಕೆ ಹತ್ತಿರದಲ್ಲಿ ಕಂಬವಿತ್ತು. ಮೆಲ್ಲಗೆ ಎರಡು ಸಲ ಚಚ್ಚಿಕೊಂಡೆ. ಆಗ ಕೊಟ್ಟಿಗೆಯಲ್ಲಿ ಮುದಿ ಮೇಕೆ ತಲೆ ಕೊಡವಿತು. ಅದರ ಕೊರಳ ಗಂಟೆ ಆಡಿತು.

ಆ ಗಂಟೆ ಆಡಿಸುವುದಕ್ಕೆ ನನಗೆ ಬೇಕಾದದ್ದು ಒಂದು ಕೈ. ಅಮ್ಮ ಅಜ್ಜಿಯನ್ನು ಹಿಡಿದು ಕೂರಿಸಬೇಕು. ನಾನು ಅಜ್ಜಿಯ ಬಾಯಿಗೆ ಕಿವಿಕೊಟ್ಟು ಕೂರಬೇಕು. ಹೂವಿನ ಮನೆ, ಚಾಪೆ ಮನೆಯವರು ತಮ್ಮ ತಮ್ಮ ಹಗ್ಗದ ಹತ್ತಿರ ಇರಬೇಕು. ಅಪ್ಪ ಗುಡ್ಡದಿಂದ ಇಳಿಯುವುದು ಮಳೆ ಬಂದರೆ ಮಾತ್ರ. ಗೊನೆಯಲ್ಲಿ ಕೆಲಸವಿಲ್ಲದ ಕೈ ಒಂದೇ. ಆ ಕೈಯವನು ಜಗಲಿಯ ಮೇಲೆ ಮೂಕ ಹಗ್ಗ ಹಿಡಿದುಕೊಂಡು, ಕಂಬದ ನೆರಳು ಕಾಲು ದಾಟಿ ಹೋದರೂ ಏಳದೆ ಕೂತಿದ್ದ. ಪಾಪ ಅನ್ನಿಸಿತು. ಬಹಳ ಹೊತ್ತೇನೂ ಅನ್ನಿಸಲಿಲ್ಲ.

“ಯಜಮಾನ್ರೆ, ನಿಮ್ಮ ಹಗ್ಗ ಬಿಡಿಸಿದ್ದು ನಾನು.”

ಅವನು ಎದ್ದ. ಬಾಯಿ ತೆರೆದ. “ಏಯ್, ಇವಳೇ” ಅಂದ. ಅಲ್ಲಿಗೆ ನಿಂತಿತು.

“ಬೈಯೋಕೆ ಹೆಸರು ಬೇಕಲ್ವಾ? ಅದಕ್ಕೇ ಬಂದೆ. ಇವತ್ತು ನನಗೆ ಹೆಸರು ಬರೋ ಹಾಗೆ ಮಾಡಿ. ಸಂಜೆ ಒಳಗೆ ನಿಮ್ಮನ್ನ ಗೊನೆಗೆ ಕಟ್ಟಿಸ್ತೀನಿ. ಆಮೇಲೆ ಹೊಟ್ಟೆ ತುಂಬ ಬೈಕೊಳ್ಳಿ.”

“ನಾನೇನು ಮಾಡಬೇಕು?”

ಮೇಕೆಯ ಗಂಟೆಯನ್ನು ಅವನ ಕೈಯಲ್ಲಿಟ್ಟೆ. “ನಮ್ಮ ಕೊಟ್ಟಿಗೆ ಹಿಂದೆ ಕೂತಿರಿ. ನಮ್ಮ ಸೂರಿನ ಗಂಟೆ ಎರಡು ಸಲ ಬಡಿದ ಮೇಲೆ ಇದನ್ನ ಎರಡು ಸಲ ಆಡಿಸಿ. ನಿಮ್ಮದೊಂದು. ಗಾಣದ ಮನೇದೊಂದು.”

ಯಜಮಾನ ಗಂಟೆಯನ್ನು ತಿರುಗಿಸಿ ನೋಡಿದ. “ನಾನು ಈ ಗೊನೆಗೆ ಮೊದಲ ಮನೆ.”

“ಈಗಲ್ಲ.”

“ಕೊಟ್ಟಿಗೆ ಹಿಂದೆ ಗಂಜಲ ಇರುತ್ತೆ.”

“ಇರುತ್ತೆ.”

ಅವನು ಶಲ್ಯವನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ನನ್ನ ಹಿಂದೆ ಬಂದ.

ಅಮ್ಮ ಅಜ್ಜಿಗೆ ಹೊಸ ಸೀರೆ ಉಡಿಸಿದಳು. ಮೊರದಲ್ಲಿ ಅಕ್ಕಿ ಹರಡಿದಳು. ಕೂಸನ್ನು ಕೂರಿಸುವ ಜಾಗದಲ್ಲಿ ನಾನು ಕೂತೆ. ಮೊರ ಸಾಲಲಿಲ್ಲ, ಕಾಲು ಹೊರಗೆ ಚಾಚಿಕೊಂಡಿತು. ಅಜ್ಜಿ ಹಗ್ಗ ಜಗ್ಗಿದಳು. ಬಾವಿಯ ದಾರಿ ಮರೆತವಳು ಜಗ್ಗುವುದನ್ನು ಮರೆತಿರಲಿಲ್ಲ. ಜಗ್ಗಿ, ಕೂತು, ಕಾದಳು.

ಗಂಟೆ ಬಡಿಯಿತು. “ಹೂವಿನ ಮನೆ” ಅಂದಳು ಅಜ್ಜಿ.

ಗಂಟೆ ಬಡಿಯಿತು. “ಚಾಪೆ ಮನೆ. ನಿದ್ದೆಗಣ್ಣು ಇವನಿಗೆ.”

ಆಮೇಲೆ ಸುಮ್ಮನಾಯಿತು. ನಾನು ಹಲ್ಲು ಕಚ್ಚಿಕೊಂಡೆ. ಕೊಟ್ಟಿಗೆಯ ಹಿಂದೆ ಯಾರೋ ಜಾರಿದ ಸದ್ದು, ಮೆಲ್ಲಗೆ ಒಂದು ಶಾಪ. ಆಮೇಲೆ ಟಿಣ್ ಅಂತು. ಸ್ವಲ್ಪ ತಡೆದು ಇನ್ನೊಂದು ಟಿಣ್.

ಅಜ್ಜಿ ತಲೆ ಎತ್ತಿದಳು. ಸೂರಿನ ಗಂಟೆ ಅಲುಗಾಡಿರಲಿಲ್ಲ. ಅದನ್ನು ನೋಡಿದಳು, ಕೊಟ್ಟಿಗೆಯ ಕಡೆ ನೋಡಿದಳು, ನನ್ನನ್ನು ನೋಡಿದಳು.

“ಇದು ಮೇಕೆ ಗಂಟೆ” ಅಂದಳು ಅಜ್ಜಿ. “ನಾನೇ ಕಟ್ಟಿದ್ದು ಅದರ ಕೊರಳಿಗೆ. ನನಗೆ ಗೊತ್ತಿಲ್ವಾ?”

ನಾನು ಚಾಚಿದ ಕಾಲನ್ನು ಮೊರದೊಳಗೆ ಎಳೆದುಕೊಂಡೆ.

“ಬೇರೆಯವರ ಬಾಯಲ್ಲಿ ಹೂಂ ಅನ್ನಿಸಿದೆಯಾ ಕಳ್ಳಿ?”

“ಹೌದಜ್ಜಿ.”

“ಯಾರು?”

“ಯಜಮಾನ್ರು.”

“ಗಂಜಲದಲ್ಲಿ ಕೂತಿದಾನಾ?”

“ಕೂತಿದಾರೆ.”

ಅಜ್ಜಿಯ ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಅಲ್ಲಾಡಿದವು. ನಕ್ಕಳು. ಅಷ್ಟು ವರ್ಷ ಬಾಯಿ ಬಿಗಿಹಿಡಿದವಳು, ಬಾಯಿ ತೆರೆದರೆ ಹೆಸರು ಬೀಳುತ್ತದೆ ಅಂತ ನಗುವುದನ್ನೂ ಬಿಟ್ಟವಳು, ನಕ್ಕಳು.

“ಆ ಕಿಂಡಿ ಇದೆಯಲ್ಲ” ಅಂದಳು, “ಅದು ತಟ್ಟೆ ತೋರಿಸಿ ಸುಮ್ಮನೆ ಹೋಯ್ತು. ಖಾಲಿ ತಟ್ಟೆ ನಂಬಿ ಕೂಸಿಗೆ ಹೆಸರಿಡೋದು ಹೇಗೆ? ಯಾರಾದರೂ ಒಬ್ಬರು ಹೂಂ ಅಂದಿದ್ದರೆ ಸಾಕಿತ್ತು ಕಣೇ. ಯಾವ ಮನೆಯವರಾದರೂ ಸರಿ. ಮೇಕೆಯಾದರೂ ಸರಿ.”

ಬಗ್ಗಿದಳು. ಅವಳ ಉಸಿರು ನನ್ನ ಕಿವಿಗೆ ಬೆಚ್ಚಗೆ ತಾಗಿತು, ಎಲೆಯಡಿಕೆಯ ವಾಸನೆ ಬಂತು. ನಾಲಗೆಯನ್ನು ಒಂದು ಸಲ ಹೊರಳಿಸಿದ್ದು ಕೇಳಿಸಿತು.

“ಸಣ್ಣನಿಂಗಿ” ಅಂದಳು.

ಸಣ್ಣನಿಂಗಿ. ನಾನು ನಿಂತರೆ ತಲೆ ಬಾಗಿಲ ಪಟ್ಟಿಗೆ ತಾಗುತ್ತದೆ. ಅಂಗೈಯಗಲದ ಕೂಸಿಗೆ ಹೊಲಿಸಿದ ಅಂಗಿಯನ್ನು ಈಗ ತೊಡಿಸಿದ ಹಾಗೆ ಇತ್ತು, ಎಲ್ಲ ಕಡೆ ಬಿಗಿ. ಆದರೂ ನಾನು ಅದನ್ನು ಬಾಯಲ್ಲಿ ಒಂದು ಸಲ ಹೇಳಿ ನೋಡಿದೆ. ಆಮೇಲೆ ಇನ್ನೊಂದು ಸಲ. ಅಮ್ಮ ಅಳುತ್ತ ಹಿತ್ತಿಲ ಬಾಗಿಲಿಗೆ ಹೋಗಿ, ಕೇಳಲಿ ಅಂತ ಗಟ್ಟಿಯಾಗಿ ಕೂಗಿದಳು, “ಸಣ್ಣನಿಂಗಿ ಅಂತೆ.”

ಕೊಟ್ಟಿಗೆಯ ಹಿಂದಿನಿಂದ ಮಾರುತ್ತರ ಕೂಡಲೇ ಬಂತು. “ಸಣ್ಣನಿಂಗೀ, ಲೇ ಸಣ್ಣನಿಂಗೀ, ಮೊದಲು ಬಂದು ನನ್ನ ಹಗ್ಗ ಕಟ್ಟಿಸೇ, ದರಿದ್ರದವಳೇ. ಪಂಚೆಯೆಲ್ಲ ಹೋಯ್ತು.”

ಅಷ್ಟು ಚೆನ್ನಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಸಂಜೆಯೊಳಗೆ ಕಿಂಡಿಗೆ ಹೋಗಿ ಅವನನ್ನು ಕಟ್ಟಿಸಿದೆ. ತಟ್ಟೆಯಲ್ಲಿ ಹೂವು ಬಂತು, ಅದನ್ನು ಅಜ್ಜಿಯ ತುರುಬಿಗೆ ಮುಡಿಸಿದೆ. ಮೇಕೆ ಗಂಟೆಯ ಹೂಂ ಅಜ್ಜಿಗೆ ಸಾಕಾಯಿತು ಅಂದಮೇಲೆ ಉಳಿದವರಿಗೂ ಸಾಕಾಯಿತು. ಚಾಪೆ ಮನೆಯವನು ಕೋಳಿಗಳನ್ನು ಬೇಡಿಕೊಂಡು ಬಾಗಿಲು ನಿಲ್ಲಿಸಿದ. ಹೂವಿನ ಮನೆಯಲ್ಲಿ ತಾಳಿ ಕಟ್ಟಿದರು. ಗುಬ್ಬಿಯನ್ನು ಎಬ್ಬಿಸುವುದು ಬೇಡ ಅಂತ ಮದುಮಗ ಬಾಸಿಂಗ ಬಿಚ್ಚಲಿಲ್ಲ.

ಆಮೇಲೆ ಬೇರೆ ಬೇರೆ ಗೊನೆಯವರು ಕಿಂಡಿಗೆ ಬರತೊಡಗಿದರು. ಊರಿನಲ್ಲಿ ಜನವಿಲ್ಲದ ಮನೆ ಎಷ್ಟಿದ್ದವು ಅಂತ ಆಗ ತಿಳಿಯಿತು. ಮುದ್ರೆ ಇಡುತ್ತಾರೆ, ಒಂದೇ ಉಸಿರಿನಲ್ಲಿ ಬಿಡಿಸು ಅನ್ನುತ್ತಾರೆ, ತಟ್ಟೆ ಖಾಲಿ ಬರುತ್ತದೆ. ಆಗ ಅವರ ಮುಖ ನೋಡಬೇಕು. ನಾನು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತೇನೆ. ಶಾಲೆಯ ಒಳಗೆ ಬಾ ಅಂತ ಮೇಷ್ಟ್ರು ಕರೆದರು, ಹಲಗೆಯ ಇನ್ನರ್ಧ ನಾಳೆ ನೋಡಿದರಾಯಿತು.

“ಸಣ್ಣನಿಂಗೀ, ಆಯ್ತೇನೇ?” ಅನ್ನುತ್ತಾರೆ ಕೆಳಗಿನಿಂದ.

“ಹೂಂ” ಅನ್ನುತ್ತೇನೆ.

ಅಷ್ಟೇ. ಹೊರಟುಹೋಗುತ್ತಾರೆ.

ಅಜ್ಜಿ ಈಗ ಎಲ್ಲ ಮರೆತಿದ್ದಾಳೆ. ಹೆಸರು ಕೆಳಗಿಳಿಸಿದ ಮೇಲೆ ಬಾಯಿ ಹಗುರವಾಗಿ, ಉಳಿದದ್ದೂ ಅದರ ಹಿಂದೆ ಹೋಯಿತು. ನಾನು ನೀರು ತಂದು ಬಿಂದಿಗೆ ಇಳಿಸುವಷ್ಟರಲ್ಲಿ, ಆ ಹಾಳು ಕಿಂಡಿಯ ಹಾಗೆಯೇ, ಗೋಡೆಗೆ ಒರಗಿ ಕೂತಲ್ಲಿಂದ, “ಯಾರು ನೀನು?” ಅನ್ನುತ್ತಾಳೆ. ಹೇಳುತ್ತೇನೆ. ಬಿಂದಿಗೆ ಮುಚ್ಚುವಷ್ಟರಲ್ಲಿ ಮತ್ತೆ, “ಯಾರು ನೀನು?” ಬೆಳಗಿನಿಂದ ಸಂಜೆಯ ತನಕ ಇದೇ. ಎಷ್ಟು ಸಲ ಹೇಳುವುದು ಅಂತ ರೇಗುತ್ತದೆ. ಆದರೂ ಹತ್ತಿರ ಹೋಗಿ, ಬಗ್ಗಿ, ಅವಳ ಕಿವಿಯಲ್ಲಿ ಹೇಳುತ್ತೇನೆ.

“ಸಣ್ಣನಿಂಗಿ, ಅಜ್ಜಿ.”

“ಹೂಂ” ಅನ್ನುತ್ತಾಳೆ ಅಜ್ಜಿ.